ಗೋಡೆಗೆ ಹೇಳಿದ ಹಾಗೆ

ಪ್ರಿಯ ಸಹೋದರಿ,

ನಿಮ್ಮ ಪತ್ರ ನಾಲ್ಕು ಪುಟ ಇದೆ. ಅದರಲ್ಲಿ ಎರಡು ಪುಟ ಕ್ಷಮೆ ಕೇಳುವುದಕ್ಕೇ ಹೋಗಿದೆ! ಉಳಿದ ಓದುಗರಿಗಾಗಿ ವಿಷಯ ಇಷ್ಟು: ಸುಮಾರು ಒಂದು ವರ್ಷದಿಂದ ನಿಮಗೆ ದೇವರು ದೂರವಾದ ಹಾಗೆ ಅನ್ನಿಸುತ್ತಿದೆ. ಚರ್ಚಿಗೆ ಹೋಗುತ್ತೀರಿ, ಹಾಡುತ್ತೀರಿ. ಪ್ರಾರ್ಥನೆಗೆ ಕೂತರೆ ಮಾತ್ರ ‘ಗೋಡೆಗೆ ಹೇಳಿದ ಹಾಗಿದೆ’. ಹಿರಿಯರೊಬ್ಬರ ಮಾತು ಕೇಳಿ ದಿನಾ ರಾತ್ರಿ ದೇವರ ಹತ್ತು ಉಪಕಾರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿರಿ. ಮೂರು ತಿಂಗಳಾದರೂ ಏನೂ ಆಗಲಿಲ್ಲ. ಈಗ ‘ನಾನು ಕೃತಜ್ಞತೆ ಇಲ್ಲದವಳು’ ಅನ್ನುವ ಹೊಸ ಕೊರಗು ಬೇರೆ. ನಿದ್ದೆಯೂ ಸರಿಯಾಗಿ ಬರುತ್ತಿಲ್ಲ.

ಮೊದಲು ಆ ನೋಟ್‌ಬುಕ್ ಮುಚ್ಚಿಡಿ. ಹೇಳಿದವರದು ಒಳ್ಳೆಯ ಮನಸ್ಸೇ. ಆದರೆ ದಿನಕ್ಕೆ ಹತ್ತು ಅಂತ ಲೆಕ್ಕ ಹಿಡಿದರೆ ಅದರೊಳಗೆ ಸದ್ದಿಲ್ಲದೆ ವ್ಯಾಪಾರ ಸೇರಿಕೊಳ್ಳುತ್ತದೆ. ನಾನು ಇಷ್ಟು ಕೊಟ್ಟೆ, ದೇವರು ಇಷ್ಟು ಹತ್ತಿರ ಬರಬೇಕು, ಅಲ್ವಾ?

ನನಗೆ ಎದ್ದು ಕಂಡದ್ದು ಬೇರೆ. ನೀವು ದೇವರ ಮೇಲಿನ ದೂರನ್ನು ನನಗೆ ಹೇಳಿದ್ದೀರಿ, ದೇವರಿಗೆ ಹೇಳಿಲ್ಲ. ‘ಹಾಗೆಲ್ಲ ಕೇಳಬಾರದು’ ಎಂದು ಬರೆದಿದ್ದೀರಿ. ಯಾರು ಹೇಳಿದರು? ಬೈಬಲಿನ 150 ಕೀರ್ತನೆಗಳಲ್ಲಿ ಗೋಳಾಡುವಂಥವು ಬೇಕಾದಷ್ಟಿವೆ. 13ನೆಯದನ್ನು ತೆಗೆದು ನೋಡಿ. ಆರೇ ವಚನ. ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ, ಇನ್ನೆಷ್ಟು ಕಾಲ ಮುಖ ಮರೆಸಿಕೊಳ್ಳುತ್ತೀ ಎಂದು ಶುರುವಿನಲ್ಲೇ ನಾಲ್ಕು ಸಲ ಕೇಳುತ್ತದೆ. ಕೊನೆಗೆ, ನನಗೆ ಒಳ್ಳೆಯದು ಮಾಡಿದ್ದೀ, ಹಾಡುತ್ತೇನೆ ಅನ್ನುತ್ತದೆ. ನಡುವೆ ಕಷ್ಟ ತೀರಿತು ಅಂತ ಎಲ್ಲೂ ಇಲ್ಲ. ಕೂಗಿ ಹಗುರಾದ ಮೇಲೆ ಹಳೆಯ ಉಪಕಾರ ನೆನಪಿಗೆ ಬಂದಿರಬೇಕು ಅಂತ ನಾನು ಓದಿಕೊಳ್ಳುತ್ತೇನೆ. 88ನೆಯದರಲ್ಲಿ ಅದೂ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಶಿಲುಬೆಯ ಮೇಲೆ ಯೇಸು ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂದು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತು.

ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಬಹಳ ಜನ ಬೆಚ್ಚಿದರು. ಹತ್ತಾರು ವರ್ಷ ಅವರ ಒಳಗೂ ಇದೇ ಕತ್ತಲು. ನಂಬಿಕೆಯೇ ಇರಲಿಲ್ಲ ಎಂದವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಬೇಡವಾದವರಿಗಾಗಿ ಯಾರೂ ಅಷ್ಟು ವರ್ಷ ಹಂಬಲಿಸುವುದಿಲ್ಲ.

ಇನ್ನು ಕೃತಜ್ಞತೆಯ ವಿಷಯ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸುವಿನಿಂದ ವಾಸಿಯಾಗುತ್ತಾರೆ. ಕೃತಜ್ಞತೆ ಹೇಳಲು ತಿರುಗಿ ಬಂದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವರೆಂದು ದೂರವಿಟ್ಟಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿಯನ್ನು ಬೈಯುವುದಕ್ಕೇ ನಾವು ಈ ಕಥೆ ಬಳಸುತ್ತೇವೆ. ಆದರೆ ಆ ಒಂಬತ್ತು ಮಂದಿಗೆ ರೋಗ ವಾಪಸ್ ಬಂತು ಅಂತ ಎಲ್ಲೂ ಬರೆದಿಲ್ಲ! ವಾಸಿಯಾಗಿದ್ದಕ್ಕೆ ಕಟ್ಟುವ ಬಾಕಿಯಲ್ಲ ಕೃತಜ್ಞತೆ. ಆ ಒಬ್ಬನಿಗೆ ಕೊಟ್ಟವರ ಮುಖ ನೋಡಬೇಕಿತ್ತು, ಬಂದ. ನಿಮ್ಮ ಪಟ್ಟಿಯಲ್ಲಿ ಸಿಕ್ಕ ವಸ್ತುಗಳೆಲ್ಲ ಇವೆ, ಮಾತಾಡಿಸಿದ ಒಂದು ಸಾಲೂ ಇಲ್ಲ.

ಯೇಸುವಿನ ಸಂದೇಶ ಸಾರಿದ ಪೌಲರು ಥೆಸಲೊನೀಕ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ‘ಎಲ್ಲದರಲ್ಲಿಯೂ’ ಕೃತಜ್ಞತೆ ಸಲ್ಲಿಸಿ ಎಂದರು. ಕಷ್ಟದ ಒಳಗಿದ್ದುಕೊಂಡೇ ಸಲ್ಲಿಸುವುದು, ಇದು ನನಗೆ ಅರ್ಥವಾಗುತ್ತದೆ. ಎಫೆಸದವರಿಗೆ ಬರೆಯುವಾಗ ‘ಎಲ್ಲದಕ್ಕಾಗಿಯೂ’ ಎಂದೂ ಬರೆದರು. ನಿಜ ಹೇಳಬೇಕೆಂದರೆ ನಾನಿನ್ನೂ ಅಲ್ಲಿಗೆ ಮುಟ್ಟಿಲ್ಲ.

ನಿದ್ದೆಯ ವಿಷಯ ಸುಮ್ನೆ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಪ್ರವಾದಿ ಎಲೀಯ ಸಾವು ಬೇಡಿಕೊಂಡು ಗಿಡದ ಕೆಳಗೆ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ.

ಈ ವಾರ ಹತ್ತು ಬೇಡ. ರಾತ್ರಿಗೆ ಒಂದು ದೂರು, ಒಂದು ಉಪಕಾರ. ಎರಡನ್ನೂ ದೇವರಿಗೇ, ‘ನೀನು’ ಅಂತಲೇ ಬರೆಯಿರಿ. ಉಪಕಾರ ಹೊಳೆಯದ ದಿನ ದೂರೊಂದೇ ಸಾಕು, 88ನೆಯ ಕೀರ್ತನೆಯವನು ಕೊಟ್ಟದ್ದೂ ಅಷ್ಟೇ. ನನಗೂ ಮತ್ತೆ ಬರೆಯಿರಿ, ಕ್ಷಮೆಯ ಎರಡು ಪುಟ ಬಿಟ್ಟು.

– ಸಂಪಾದಕ