ಗುಂಡಿ ಹಾಕಿದ ಕೋಟಿನ ಪರವಾಗಿ

ಕಳೆದ ಸಂಚಿಕೆಯ ಚಿತ್ರಮಾಲೆ ನಮಗೆ ಪತ್ರ ಬರೆದ ಓದುಗರೊಬ್ಬರಿಗೆ ಹಿಡಿಸಿಲ್ಲ. ಕ್ರೀಡಾಪಟು ಹೆಣ್ಣುಮಕ್ಕಳಿಗೆ ನೆಪೋಲಿಯನ್ ಕಾಲದ ಸೈನಿಕರ ಸಮವಸ್ತ್ರ ತೊಡಿಸಿ ಬರೆದ ಚಿತ್ರಗಳವು. ‘ಆ ಪಡೆಗಳಲ್ಲಿ ಹೆಂಗಸರೇ ಇರಲಿಲ್ಲ. ಇದು ಚರಿತ್ರೆಯಲ್ಲ, ಬರೀ ವೇಷ. ಹಾಕುವುದೇ ಆದರೆ ಕೆಳಗೆ ಕಲ್ಪನೆ ಅಂತ ಅಚ್ಚು ಮಾಡಿ’ ಎನ್ನುತ್ತಾರೆ.

ಸರ್, ವೇಷದ ಮಾತು ಅರ್ಧ ಒಪ್ಪಿದೆ. ಇಂಥ ಚಿತ್ರ ಬರೆಯುವ ಎಷ್ಟೋ ಮಂದಿ ಕೋಟಿನ ಗುಂಡಿ ಬಿಚ್ಚಿ, ಸೊಂಟ ಬಿಗಿದು, ತುಟಿಗೆ ಬಣ್ಣ ಬಳಿದು ಮುಗಿಸುತ್ತಾರೆ. ಅವರನ್ನು ನೀವು ಎಷ್ಟು ಬೇಕಾದರೂ ಬೈಯಿರಿ.

ಆದರೆ ‘ಇರಲಿಲ್ಲ’ ಎಂದಿರಲ್ಲ, ಅದು ಸ್ವಲ್ಪ ಅವಸರದ ಮಾತು. ರಷ್ಯಾದ ನಾದೆಝ್ದಾ ದುರೋವಾ 1806ರಲ್ಲಿ ಗಂಡುವೇಷದಲ್ಲಿ ಮನೆ ಬಿಟ್ಟು ಕುದುರೆ ಪಡೆ ಸೇರಿದರು. ಗುಟ್ಟು ಗೊತ್ತಾದ ಮೇಲೂ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಅವರನ್ನು ಮನೆಗೆ ಅಟ್ಟಲಿಲ್ಲ. ಪದಕ ಕೊಟ್ಟು, ಹುಸಾರ್ ಎಂಬ ಹಗುರ ಕುದುರೆ ಪಡೆಯಲ್ಲಿ ಅಧಿಕಾರಿ ಮಾಡಿದ. 1812ರಲ್ಲಿ ನೆಪೋಲಿಯನ್ ವಿರುದ್ಧದ ಬೊರೊಡಿನೊ ಕದನದಲ್ಲೂ ಅವರಿದ್ದರು. ಇನ್ನು ರಷ್ಯಾದ್ದೇ ಎರಡನೇ ಕ್ಯಾಥರೀನ್ ರಾಣಿ. 1762ರಲ್ಲಿ ಗಂಡನನ್ನು ಇಳಿಸಿ ಪಟ್ಟಕ್ಕೇರಿದಾಗ ಆಕೆ ತೊಟ್ಟಿದ್ದು ಕಾವಲು ಪಡೆಯ ಸಮವಸ್ತ್ರ. ಎರಿಕ್ಸೆನ್ ಎಂಬ ಕಲಾವಿದ ಅದೇ ಉಡುಪಿನಲ್ಲಿ, ಬಿಳಿ ಕುದುರೆ ಮೇಲೆ ಆಕೆಯನ್ನು ಬರೆದ.

ಸರಿ, ಇವರೆಲ್ಲ ಅಪರೂಪದವರು ಅಂತೀರಿ. ಇರಲಿ. ನನ್ನ ತಕರಾರು ಬೇರೆ. ಯುದ್ಧದ ಚಿತ್ರ ಎಂದರೆ ಯಾವಾಗಲೂ ಮಾಡೆಲ್‌ಗೆ ಹಳೇ ಕೋಟು ತೊಡಿಸುವ ಕೆಲಸವೇ ಅಲ್ವಾ? ಫ್ರಾನ್ಸಿನ ಚಿತ್ರಕಾರ ಮೆಸೊನಿಯೆ ಹುಟ್ಟಿದ್ದು 1815ರಲ್ಲಿ. ಹೆಸರು ಮಾಡಿದ್ದು 1807ರ ಮತ್ತು 1814ರ ನೆಪೋಲಿಯನ್‌ನನ್ನು ಬರೆದು! ಇಂಗ್ಲೆಂಡಿನ ಚಿತ್ರಕಾರ್ತಿ ಎಲಿಜಬೆತ್ ಥಾಂಪ್ಸನ್ ಯುದ್ಧ ನೋಡಿದವರೇ ಅಲ್ಲ. ವಾಟರ್ಲೂ ಹೊತ್ತಿನ ಒಂದು ಕದನ ಬರೆಯಲು ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸಿ ಅವರಿಂದ ಕೋವಿ ಹಾರಿಸಿ ನೋಡಿದರು. ತುಳಿದ ಪೈರು ಹೇಗೆ ಕಾಣುತ್ತದೆ ಎಂದು ತಿಳಿಯಲು ಪೈರಿನ ಹೊಲವನ್ನೇ ಕೊಂಡು ಮಕ್ಕಳಿಂದ ತುಳಿಸಿದರು. ಅವರ 1874ರ ಚಿತ್ರ ನೋಡಲು ಎಂಥ ನೂಕುನುಗ್ಗಲು ಎಂದರೆ, ಪಕ್ಕದಲ್ಲಿ ಪೊಲೀಸನನ್ನು ನಿಲ್ಲಿಸಬೇಕಾಯಿತು. ರಾಣಿ ವಿಕ್ಟೋರಿಯಾ ಅದನ್ನು ಕೊಂಡರು. ಆದರೆ 1879ರಲ್ಲಿ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಸದಸ್ಯತ್ವದ ಚುನಾವಣೆಯಲ್ಲಿ ಅವರು ಸೋತರು, ಎರಡೇ ಮತದಿಂದ. ಸೈನಿಕರನ್ನು ಬರೆದ ಹೆಂಗಸಿಗೇ ಒಳಗೆ ಜಾಗವಿರಲಿಲ್ಲ.

ಕೋಟಿನ ವಿಷಯಕ್ಕೆ ಬರೋಣ. ಆ ಕಾಲದ ಕೋಟು ಬೆನ್ನಲ್ಲಿ ಕಿರಿದು. ತೋಳು ಹಿಂದಕ್ಕೆ ಸರಿಸಿ ಹೊಲಿದಿರುತ್ತಿತ್ತು. ತೊಟ್ಟರೆ ಭುಜ ತಾನಾಗಿ ಹಿಂದೆ ಹೋಗಿ ಎದೆ ಮುಂದೆ ಬರಬೇಕು. ಬ್ರಿಟಿಷ್ ಸಿಪಾಯಿಯ ಕುತ್ತಿಗೆಗೆ ಚರ್ಮದ ಪಟ್ಟಿ ಬೇರೆ, ತಲೆ ತಗ್ಗಿಸುವಂತಿಲ್ಲ. ಕೈಯಲ್ಲಿ ನಾಲ್ಕೂವರೆ ಕಿಲೋ ತೂಗುವ ಕೋವಿ. ಬಟ್ಟೆಯೋ ದಪ್ಪ ಉಣ್ಣೆ. ಅದರೊಳಗೆ ಸ್ನಾಯು ಕಾಣುವುದೇ ಇಲ್ಲ. ಹಾಗಾದರೆ ಚಿತ್ರಕಾರ ಬಲವನ್ನು ಎಲ್ಲಿ ತೋರಿಸಬೇಕು? ಕಂಕುಳಿಂದ ಎದ್ದ ಮಡಿಕೆಯಲ್ಲಿ, ಕಾಲರಿನ ಮೇಲೆ ನಿಂತ ಕುತ್ತಿಗೆಯಲ್ಲಿ, ತೋಳಿನಿಂದ ಹೊರಬಂದ ಮಣಿಕಟ್ಟಿನಲ್ಲಿ. ಗುಂಡು ಎಸೆತದ ಆಟಗಾರ್ತಿಯ ಭುಜಕ್ಕೆ ಆ ಕೋಟು ತುಂಬಿ ಕೂರುತ್ತದೆ. ದೋಣಿಯ ಹುಟ್ಟು ಹಾಕುವವಳ ಬೆನ್ನಿಗೆ ಹೊಲಿಗೆ ಬಿಗಿಯುತ್ತದೆ. ಕತ್ತಿವರಸೆಯವಳಿಗೆ ಕಾಲಿಡುವುದನ್ನು ಹೇಳಿಕೊಡಬೇಕಿಲ್ಲ. ತೆಳ್ಳನೆಯ ಮಾಡೆಲ್ ತೊಟ್ಟರೆ ಮಾತ್ರ ಅದು ಗೂಟಕ್ಕೆ ನೇತುಹಾಕಿದ ಬಟ್ಟೆ.

ನಮ್ಮ ಚಿತ್ರಕಾರ್ತಿ ಇದನ್ನು ಬಲ್ಲವರು. ಅವರ ಒಂದು ಚಿತ್ರದಲ್ಲೂ ಗುಂಡಿ ಬಿಚ್ಚಿಲ್ಲ, ನೋಡಿದಿರಾ? ನಾಲ್ಕು ಪುಟದ ಪತ್ರದಲ್ಲಿ ನೀವು ಒಂದು ಮಡಿಕೆ, ಒಂದು ನೆರಳಿನ ಬಗ್ಗೆಯೂ ಬರೆದಿಲ್ಲ. ಈಗಿನ ಕಾಯಿಲೆಯೇ ಇದು. ಚಿತ್ರ ನೋಡುವ ಮೊದಲೇ ನಾವು ಅದರ ಮೇಲೆ ಜಗಳಕ್ಕೆ ಕೂರುತ್ತೇವೆ. ಆ ಕಾಲದ ಎಷ್ಟೋ ಸಿಪಾಯಿಗಳು ಅರೆಹೊಟ್ಟೆಯ ಕುಳ್ಳ ಹುಡುಗರು. ಅವರನ್ನು ಆರಡಿ ಪೈಲ್ವಾನರಂತೆ ಬರೆದಾಗ ಯಾರೂ ಪತ್ರ ಬರೆಯಲಿಲ್ಲ. ಹೆಣ್ಣು ಕೋಟು ತೊಟ್ಟಳೋ, ಎಲ್ಲರೂ ಚರಿತ್ರೆ ಪುಸ್ತಕ ತೆಗೆಯುತ್ತಾರೆ. ಕ್ರೀಡೆಯಲ್ಲೂ ಇದೇ ಕಥೆ. ಕತ್ತಿವರಸೆಯ ಸೇಬರ್ ಕತ್ತಿ ಗಂಡಸರಿಗೆ 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಸಿಕ್ಕಿತು. ಹೆಂಗಸರ ಕೈಗೆ ಅಲ್ಲಿ ಅದು ಬಂದಿದ್ದು 2004ರಲ್ಲಿ.

‘ಕಲ್ಪನೆ’ ಅಂತ ಅಚ್ಚು ಮಾಡಲು ನನ್ನದೇನೂ ಅಡ್ಡಿಯಿಲ್ಲ. ಮೊದಲು ಮೆಸೊನಿಯೆ ಚಿತ್ರಗಳ ಕೆಳಗೆ ಹಾಕಿಸಿ ಬನ್ನಿ.