ಹಳೇ ಪದ್ಮಿನಿಗೆ ಯಾವ ಬ್ಲಾಕ್?

ಪ್ರಶ್ನೆ: ಸರ್, ನಮ್ಮಪ್ಪ ಓಡಿಸುತ್ತಿದ್ದ 1978ರ ಪ್ರೀಮಿಯರ್ ಪದ್ಮಿನಿ ಎಂಜಿನ್ ಸೀಜ್ ಆಗಿ ನಿಂತಿದೆ. ರಿಪೇರಿ ಜೊತೆಗೇ ಪವರ್ ಸ್ವಲ್ಪ ಜಾಸ್ತಿ ಮಾಡಿಸೋ ಆಸೆ. ಒಬ್ಬ ಮೇಸ್ತ್ರಿ ಇದೇ ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ನಿನ ಎರಕದ ದೇಹ) ಬೋರ್ ಮಾಡಿಸೋಣ ಅಂತಾರೆ, ಇನ್ನೊಬ್ಬರು 118ಎನ್‌ಇ ಕಾರಿನ ನಿಸಾನ್ ಎಂಜಿನ್ ಕೂರಿಸಿ ಅಂತಾರೆ. ಯಾರ ಮಾತು ಕೇಳಲಿ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಪವರ್ರೇ ಬೇಕಾದರೆ ಎರಡನೆಯವರ ಮಾತು ಕೇಳಿ. ಬೋರ್ ಮಾಡಿಸುವುದು ಅಂದರೆ ಸಿಲಿಂಡರ್ ಒಳಗೋಡೆ ಕೊರೆಸಿ ಅಗಲ ಮಾಡಿಸುವುದು; ಅದು ಸವೆತ ಸರಿಮಾಡಲು, ಪವರ್‌ಗಲ್ಲ. ಲೆಕ್ಕ ಹಾಕಿ ನೋಡಿ: ಪದ್ಮಿನಿಯ ಬೋರ್ (ಸಿಲಿಂಡರಿನ ಅಗಲ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75, ಒಟ್ಟು 1089 ಸಿಸಿ. ಇಡೀ ಒಂದು ಮಿ.ಮೀ. ತೆಗೆಸಿ ಓವರ್‌ಸೈಜ್ ಪಿಸ್ಟನ್ ಹಾಕಿದರೂ 1122 ಸಿಸಿ ಮುಟ್ಟುತ್ತದೆ, ಅಷ್ಟೇ. ಅಷ್ಟಕ್ಕೆ ಸಿಲಿಂಡರ್ ಗೋಡೆ ತೆಳ್ಳಗಾಗುತ್ತದೆ, ನಿಮ್ಮೂರಿನ ಮೇ ತಿಂಗಳ ಬಿಸಿಲಿನಲ್ಲಿ ಅದು ಒಳ್ಳೆಯದಲ್ಲ. ಜೊತೆಗೆ ಆ ಎಂಜಿನ್ನಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ನಿಂತಿರುವುದು ಮೂರೇ ಮೇನ್ ಬೇರಿಂಗ್ ಮೇಲೆ. ಜೋರಾಗಿ ತಿರುಗಿಸಿದರೆ ನಡುವೆ ಬಳುಕುತ್ತದೆ. 118ಎನ್‌ಇಯಲ್ಲಿರುವ ನಿಸಾನ್ ಎ12 ಎಂಜಿನ್ನಿನಲ್ಲಿ ಐದು ಬೇರಿಂಗ್, ಬೋರ್ 73, ಸ್ಟ್ರೋಕ್ 70, 1171 ಸಿಸಿ. ಸ್ಟ್ರೋಕ್ ಚಿಕ್ಕದು ಅಂದರೆ ಹೆಚ್ಚು ಆರ್‌ಪಿಎಂ ತಡೆಯುತ್ತದೆ.

ಆದರೆ ಗುಜರಿಯಲ್ಲಿ ಸಿಕ್ಕಿತು ಅಂತ ಸುಮ್ನೆ ದುಡ್ಡು ಕೊಟ್ಟು ಬರಬೇಡಿ. ಹೆಡ್ ಬಿಚ್ಚಿಸಿ ನೋಡಿ. ನಮ್ಮ ಕಡೆ ಎಷ್ಟೋ ಜನ ಕೂಲೆಂಟ್ ಅಂದರೆ ಏನು ಅಂತ ಕೇಳದೆ ವರ್ಷಗಟ್ಟಲೆ ಬೋರ್‌ವೆಲ್ ನೀರನ್ನೇ ರೇಡಿಯೇಟರ್‌ಗೆ ಸುರಿದಿರುತ್ತಾರೆ, ಆ ಗಡಸು ನೀರಿನ ಸುಣ್ಣವೂ ತುಕ್ಕಿನ ರಾಡಿಯೂ ವಾಟರ್ ಜಾಕೆಟ್ (ಸಿಲಿಂಡರ್ ಸುತ್ತ ನೀರು ಓಡುವ ಜಾಗ) ತಳದಲ್ಲಿ ಕೂತು ಗಟ್ಟಿಯಾಗಿರುತ್ತದೆ, ಮೇಲಿಂದ ನೋಡಿದರೆ ಕಾಣುವುದೇ ಇಲ್ಲ. ಬ್ಲಾಕಿನ ಪಕ್ಕದ ಬಿರಡೆ, ಅಂದರೆ ಕೋರ್ ಪ್ಲಗ್ ತೆಗೆಸಿ ಒಳಗೆ ತಂತಿ ಆಡಿಸಿ ನೋಡಿ. ಅದು ಹಾಗೇ ಉಳಿದರೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಗಾಡಿ ಬಿಸಿಯಾಗುತ್ತದೆ. ಆಮೇಲೆ ಪ್ರೆಶರ್ ಟೆಸ್ಟ್ ಮಾಡಿಸಿ, ಬಿರುಕಿದ್ದರೆ ಗೊತ್ತಾಗುತ್ತದೆ. ಬೋರ್ ಗೇಜ್‌ನಲ್ಲಿ ಮೇಲೂ ಕೆಳಗೂ ಅಳೆಯಿರಿ, ರಿಂಗ್ ಓಡಾಡುವ ಮೇಲ್ಭಾಗವೇ ಮೊದಲು ಸವೆಯುವುದು. ಲೈನರ್ (ಸವೆದ ಸಿಲಿಂಡರ್ ಒಳಗೆ ಕೂರಿಸುವ ಕೊಳವೆ) ಹಾಕಿದ ಬ್ಲಾಕ್ ಆದರೆ ಈ ಕೆಲಸಕ್ಕೆ ನಾನಂತೂ ತೆಗೆದುಕೊಳ್ಳುವುದಿಲ್ಲ.

ಗೇರ್‌ಬಾಕ್ಸ್ ಕೂಡ 118ಎನ್‌ಇದೇ ತನ್ನಿ. ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್ ಬದಲಾಗುತ್ತವೆ. ಪದ್ಮಿನಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್ ಅನ್ನೋದು ನೆನಪಿರಲಿ, ಅದನ್ನು ಮೊದಲು ಸರಿಮಾಡಿಸಿ!

ಇನ್ನು ಕಾಗದ ಪತ್ರ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಗೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ದಾಖಲಾಗಬೇಕು. ದಾಖಲೆ ಇಲ್ಲದ ಬ್ಲಾಕ್ ಕದ್ದ ಗಾಡಿಯದೂ ಇರಬಹುದು, ಅಲ್ವಾ? ಇನ್ನೊಂದು ವಿಷಯ. 2021ರ ನಿಯಮದಂತೆ ವಿಂಟೇಜ್ ನೋಂದಣಿಗೆ ಗಾಡಿಗೆ 50 ವರ್ಷ ದಾಟಿರಬೇಕು, ಎಂಜಿನ್ ಮಾರ್ಪಾಡು ಆಗಿರಬಾರದು. ನಿಮ್ಮದಕ್ಕೆ 2028ರಲ್ಲಿ 50 ತುಂಬುತ್ತದೆ. ಆ ಆಸೆ ಇದ್ದರೆ ನಿಸಾನ್ ಬಿಡಿ, ಅಪ್ಪನ ಬ್ಲಾಕನ್ನೇ ಎಷ್ಟು ಬೇಕೋ ಅಷ್ಟು ಮಾತ್ರ ಬೋರ್ ಮಾಡಿಸಿ ಓಡಿಸಿ.

ಪ್ರಶ್ನೆ: ಅಂಬಾಸಡರ್‌ನ 1489 ಸಿಸಿ ಬ್ಲಾಕನ್ನೇ ಬೋರ್ ಮಾಡಿ 1800 ಮಾಡಬಹುದಾ?
– ಓದುಗರು, ಬಳ್ಳಾರಿ

ಉತ್ತರ: ಆಗುವುದಿಲ್ಲ. ಬೋರ್ 73 ಮಿ.ಮೀ. ಇದೆ, ಅದೇ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್‌ನ 1798 ಸಿಸಿಗೆ 80 ದಾಟಬೇಕು. ಸ್ಟ್ರೋಕ್ ಎರಡಕ್ಕೂ 88.9 ಇದ್ದರೂ ಬ್ಲಾಕಿನ ಎರಕವೇ ಬೇರೆ. 1992ರಿಂದ ಅಂಬಾಸಡರ್‌ಗೇ ಬಂದ ಇಸುಜು 1817 ಸಿಸಿ ಎಂಜಿನ್ ಹುಡುಕಿ, ಗೇರ್‌ಬಾಕ್ಸ್ ಸಮೇತ.