ರಕ್ಷಣಾ ಬಜೆಟ್: ₹6.81 ಲಕ್ಷ ಕೋಟಿ ಹೋಗುವುದೆಲ್ಲಿಗೆ?

ಪ್ರಶ್ನೆ: ಕೇಂದ್ರ ಸರ್ಕಾರ 2025–26ರಲ್ಲಿ ರಕ್ಷಣೆಗೆ ₹6.81 ಲಕ್ಷ ಕೋಟಿ ಇಟ್ಟಿದೆ. ಒಟ್ಟು ಬಜೆಟ್‌ನ ಶೇ 13ಕ್ಕೂ ಹೆಚ್ಚು, ಇದು ವಿಪರೀತ ಎನ್ನುತ್ತಾರೆ ಕೆಲವರು. ಜಿಡಿಪಿಯ (ದೇಶದ ಒಟ್ಟು ವಾರ್ಷಿಕ ಉತ್ಪನ್ನದ) ಶೇ 2 ಕೂಡ ಆಗದು, ಶೇ 3 ಬೇಕು ಎನ್ನುತ್ತಾರೆ ಇನ್ನು ಕೆಲವರು. ಯಾರ ಮಾತು ಸರಿ? ಈ ಹಣವೆಲ್ಲ ಶಸ್ತ್ರಾಸ್ತ್ರಕ್ಕೇ ಹೋಗುತ್ತದೆಯೇ?
– ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಎರಡೂ ಲೆಕ್ಕ ಸರಿಯೇ, ಅಳೆಯುವ ಕೋಲು ಬೇರೆ ಅಷ್ಟೆ. ನಿಮ್ಮ ಕೊನೆಯ ಪ್ರಶ್ನೆಯೇ ನಿಜವಾಗಿ ಮುಖ್ಯವಾದದ್ದು.

ಇಟ್ಟ ಹಣವನ್ನು ನೂರು ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಸುಮಾರು 29 ರೂಪಾಯಿ ಸಂಬಳ, ಭತ್ಯೆಗೆ ಹೋಗುತ್ತದೆ. ಇಂಧನ, ಮದ್ದುಗುಂಡು, ಪಡಿತರ, ದುರಸ್ತಿಗೆ 17. ಪಿಂಚಣಿಗೆ ಸುಮಾರು 24. ಪಿಂಚಣಿದಾರರು 30 ಲಕ್ಷಕ್ಕೂ ಹೆಚ್ಚು. ಸಚಿವಾಲಯದ ಇತರ ಖರ್ಚಿಗೆ ನಾಲ್ಕು. ಹೊಸ ವಿಮಾನ, ಹಡಗು, ಫಿರಂಗಿ ಮುಂತಾದವುಗಳ ಬಂಡವಾಳ ವೆಚ್ಚಕ್ಕೆ ಉಳಿಯುವುದು 26 ರೂಪಾಯಿ, ಅಂದರೆ ₹1.80 ಲಕ್ಷ ಕೋಟಿ. ಅದರಲ್ಲೂ ಒಂದು ಪಾಲು ಹಳೆಯ ಒಪ್ಪಂದಗಳ ಕಂತಿಗೇ ಹೋಗುತ್ತದೆ.

ಪಿಂಚಣಿ ಹೊರೆ ಎಂದು ದೂರುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೂವತ್ತೈದು, ನಲವತ್ತರ ಪ್ರಾಯದಲ್ಲೇ ಸೈನಿಕನನ್ನು ಮನೆಗೆ ಕಳಿಸುವ ವ್ಯವಸ್ಥೆ ಅವನ ಮುಂದಿನ ಬದುಕಿನ ಹೊಣೆಯನ್ನೂ ಹೊರಲೇಬೇಕು.

ಇನ್ನು ಶೇ 3ರ ಬೇಡಿಕೆ. 2025–26ರ ಜಿಡಿಪಿ ಅಂದಾಜು ಸುಮಾರು ₹357 ಲಕ್ಷ ಕೋಟಿ. ಅದರ ಶೇ 3 ಎಂದರೆ ₹10.7 ಲಕ್ಷ ಕೋಟಿ. ಆ ವರ್ಷ ಇಟ್ಟದ್ದಕ್ಕಿಂತ ಹೆಚ್ಚುಕಡಿಮೆ ₹3.9 ಲಕ್ಷ ಕೋಟಿ ಹೆಚ್ಚು. ಅದೇ ವರ್ಷ ಕೇಂದ್ರದ ಶಿಕ್ಷಣ ಸಚಿವಾಲಯಕ್ಕೆ ಸಿಕ್ಕಿದ್ದು ಸುಮಾರು ₹1.29 ಲಕ್ಷ ಕೋಟಿ, ಆರೋಗ್ಯಕ್ಕೆ ಸುಮಾರು ಒಂದು ಲಕ್ಷ ಕೋಟಿ. ಎರಡನ್ನೂ ಸೇರಿಸಿದರೂ ಆ ಹೆಚ್ಚುವರಿ ಮೊತ್ತಕ್ಕೆ ಸಾಲದು. ಬೇಡಿಕೆ ಇಡುವವರು ಈ ದುಡ್ಡು ಎಲ್ಲಿಂದ ಬರಬೇಕು ಎಂಬುದನ್ನೂ ಹೇಳಬೇಕು.

ಅದಕ್ಕಿಂತ ದೊಡ್ಡ ತೊಡಕು ಕೊಟ್ಟ ಹಣ ಖರ್ಚಾಗದಿರುವುದು. 2024–25ರಲ್ಲಿ ಬಂಡವಾಳ ವೆಚ್ಚಕ್ಕೆ ₹1.72 ಲಕ್ಷ ಕೋಟಿ ಇಟ್ಟಿದ್ದರು. ಪರಿಷ್ಕೃತ ಅಂದಾಜಿನಲ್ಲಿ, ಅಂದರೆ ವರ್ಷ ಮುಗಿಯುವ ಮುನ್ನ ತಿದ್ದಿದ ಲೆಕ್ಕದಲ್ಲಿ, ಅದು ₹1.59 ಲಕ್ಷ ಕೋಟಿಯ ಆಸುಪಾಸಿಗೆ ಇಳಿಯಿತು. ಖರೀದಿಯ ಕಡತ ಒಪ್ಪಿಗೆ, ಪರೀಕ್ಷೆ, ದರ ಮಾತುಕತೆ ಎಂದು ವರ್ಷಗಟ್ಟಲೆ ಅಲೆಯುತ್ತದೆ. ಒಪ್ಪಂದವಾದ ಮೇಲೂ ಕೆಲಸ ಮುಂದುವರಿದಂತೆ ಕಂತು ಪಾವತಿಯಾಗುವುದರಿಂದ, ಪೂರೈಕೆ ತಡವಾದರೆ ಹಣವೂ ನಿಲ್ಲುತ್ತದೆ. ಬೆಂಗಳೂರಿನ ಸರ್ಕಾರಿ ವಿಮಾನ ತಯಾರಿಕಾ ಸಂಸ್ಥೆ ಎಚ್‌ಎಎಲ್‌ಗೆ 83 ತೇಜಸ್ ಯುದ್ಧವಿಮಾನಗಳ ಗುತ್ತಿಗೆ ಸಿಕ್ಕಿದ್ದು 2021ರ ಫೆಬ್ರುವರಿಯಲ್ಲಿ. 2024ರಲ್ಲಿ ಪೂರೈಕೆ ಶುರುವಾಗಬೇಕಿತ್ತು. ಅಮೆರಿಕದಿಂದ ಎಂಜಿನ್ ಬರುವುದು ತಡವಾಗಿ ಗಡುವು ಮೀರಿತು. ವಾಯುಪಡೆ ಹಳೆಯ ಮಿಗ್–21ಗಳನ್ನು 2025ರ ಸೆಪ್ಟೆಂಬರ್‌ವರೆಗೂ ಹಾರಿಸಬೇಕಾಯಿತು. ಆ ವಿಮಾನದೊಳಗೆ ಕೂರುವವರು ನಮ್ಮ ಮಕ್ಕಳು. ಈ ವಿಳಂಬವನ್ನು ಬರೀ ಕಚೇರಿಯ ನಿಧಾನ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಮುಂದಿನ ಬಜೆಟ್ ದಿನ ಪತ್ರಿಕೆಯ ತಲೆಬರಹದ ಮೊತ್ತವನ್ನು ಬಿಟ್ಟು, ಬಂಡವಾಳ ವೆಚ್ಚದ ಸಾಲಿನಲ್ಲಿ ಹಿಂದಿನ ವರ್ಷದ ಅಂದಾಜು ಮತ್ತು ಪರಿಷ್ಕೃತ ಅಂದಾಜನ್ನು ಪಕ್ಕಪಕ್ಕ ಇಟ್ಟು ನೋಡಿ. ಗಡಿ ಭದ್ರತಾ ಪಡೆಯ ಖರ್ಚನ್ನು ಮಾತ್ರ ಅಲ್ಲಿ ಹುಡುಕಬೇಡಿ, ಅದು ಗೃಹ ಸಚಿವಾಲಯದ ಲೆಕ್ಕದಲ್ಲಿರುತ್ತದೆ.